ವಿಷಯದ ಸಾಲು

ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂದು ಐದಾರು ವರ್ಷವಾಗಿತ್ತು. ನಾನಾಗ ಸಿಂದಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ವ್ಯವಸ್ಥಾಪಕ. ನನ್ನ ಮೇಜಿನ ಮೇಲೆ ಯಾವ ಕಡತವೂ ವಾರಕ್ಕಿಂತ ಹೆಚ್ಚು ಕೂರುವುದಿಲ್ಲ ಎಂಬ ಜಂಭ ನನಗಿತ್ತು. ಅದು ಇಳಿದ ಬಗೆಯನ್ನು ಹೇಳುತ್ತೇನೆ.

ಮೌಲಾಸಾಬ ನಮ್ಮ ದಾಖಲೆ ಕೋಣೆಯ ಗುಮಾಸ್ತರು. ಕನ್ನೊಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲಿಗೆ ಆಸರೆಯ ಲೋಹದ ಕ್ಯಾಲಿಪರ್ ಕಟ್ಟಿಕೊಂಡವರು. ದಾಖಲೆ ಕೋಣೆ ಮಹಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು, ಶೌಚಾಲಯ ಕೆಳಗೆ. ಐವತ್ತು ದಾಟಿದ ಮೇಲೆ ಅವರ ಗಟ್ಟಿ ಕಾಲೂ ನೋಯತೊಡಗಿತ್ತು. ಒಂದು ದಿನ ನನ್ನ ಮುಂದೆ ಬಂದು ನಿಂತು, “ಸಾಹೇಬ್ರ, ಒಂದ್ ಮಾತ್ ಕೇಳೂದಿತ್ರಿ” ಎಂದರು. ನಾನು ತಲೆ ಎತ್ತದೆ, “ಏನಿದ್ರೂ ಬರದ್ ಕೊಡ್ರಿ” ಎಂದೆ.

ಬರೆದು ಕೊಟ್ಟರು. ಇಂಗ್ಲಿಷಿನಲ್ಲಿದ್ದರೆ ಕಿಮ್ಮತ್ತು ಹೆಚ್ಚೆಂದು, ಕಾನೂನು ಓದುತ್ತಿದ್ದ ಅಣ್ಣನ ಮಗಳಿಂದ ಬರೆಸಿದ್ದರು. ವಿಷಯ: ‘ರೀಸನಬಲ್ ಅಕಾಮೊಡೇಶನ್’ ಕೋರಿ. ಅಂಗವಿಕಲ ನೌಕರ ಕೆಲಸ ಮಾಡಲು ಬೇಕಾದ ತಕ್ಕ ಹೊಂದಾಣಿಕೆಯನ್ನು ಕಚೇರಿಯೇ ಮಾಡಿಕೊಡಬೇಕು ಎಂಬುದು ಕಾಯ್ದೆಯಲ್ಲಿ ಆ ಮಾತಿನ ಅರ್ಥ. ‘ಅಕಾಮೊಡೇಶನ್’ ಎಂದರೆ ನಮಗೆ ಗೊತ್ತಿದ್ದ ಅರ್ಥ ಒಂದೇ, ಇರಲು ಮನೆ. ಟಪಾಲು ವಿಭಾಗದವರು ಅರ್ಜಿಯನ್ನು ಕ್ವಾರ್ಟರ್ಸ್ ಹಂಚುವ ಮೇಜಿಗೆ ಕಳಿಸಿದರು. ನಾಲ್ಕನೇ ದಿನ ಉತ್ತರ ಸಹಿಗೆ ಬಂತು: ‘ಸದ್ಯ ವಸತಿಗೃಹ ಖಾಲಿ ಇರುವುದಿಲ್ಲ. ಖಾಲಿಯಾದಲ್ಲಿ ಜ್ಯೇಷ್ಠತೆಯ ಮೇರೆಗೆ ಪರಿಗಣಿಸಲಾಗುವುದು.’ ವಿಷಯದ ಸಾಲನ್ನಷ್ಟೇ ಓದಿ ಸಹಿ ಹಾಕಿದೆ. ಕಚೇರಿಯಲ್ಲಿ ತಲೆ ನೆರೆಸಿಕೊಂಡವರು ಹಾಗೆಯೇ ಓದುತ್ತೇವೆ.

ಮೌಲಾಸಾಬ ಮತ್ತೆ ಕೇಳಲಿಲ್ಲ. ಎಂಟು ತಿಂಗಳ ನಂತರ ಅವರ ಸ್ವಯಂ ನಿವೃತ್ತಿಯ ಅರ್ಜಿ ಬಂತು, ಕಾರಣ, ಅನಾರೋಗ್ಯ. ಇನ್ನೂ ಏಳು ವರ್ಷದ ಸೇವೆ ಉಳಿದಿತ್ತು. ಅದನ್ನೂ ವಾರದೊಳಗೇ ಮೇಲಕ್ಕೆ ಕಳಿಸಿದೆ.

ಬೀಳ್ಕೊಡುಗೆಯನ್ನೂ ನಾವು ಮಹಡಿಯ ಮೇಲೇ ಇಟ್ಟಿದ್ದೆವು. ಶಾಲು ಹೊದಿಸುತ್ತ ನಾನು ದೊಡ್ಡ ಮನಸ್ಸಿನವನಂತೆ, “ಸ್ವಲ್ಪ ತಡೀಬೇಕಿತ್ರಿ. ಮುಂದಿನ ತಿಂಗಳ ಒಂದ್ ಕ್ವಾರ್ಟರ್ಸ್ ಖಾಲಿ ಆಗ್ತೈತಿ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ಊರಾಗ ಸ್ವಂತ ಮನಿ ಐತ್ರಿ ಸಾಹೇಬ್ರ. ನಾ ಮನಿ ಕೇಳಿದ್ದಿಲ್ರಿ. ನನ್ನ ಟೇಬಲ್ ಕೆಳಗ ಹಾಕ್ರಿ ಅಂದಿದ್ದೆ. ಇಲ್ಲ ಅನ್ನಾಕ ನೀವು ಹಂಗ ಬರದೀರಿ ಅಂತ ತಿಳ್ಕೊಂಡೆ.” ಶಾಲು ಸರಿಪಡಿಸಿಕೊಳ್ಳುತ್ತ ಹೇಳಿದರು: “ಮೆಟ್ಟಲಾ ಇಳೀಬೇಕಾಗ್ತೈತಿ ಅಂತ ದಿನಾ ನೀರ ಕುಡೀತಿದ್ದಿಲ್ರಿ. ಈಗ ಕಿಡ್ನಿ ತ್ರಾಸ ಆಗೇತಿ.”

ಅಂದು ಸಂಜೆ ಕಡತ ತರಿಸಿ ಆ ಅರ್ಜಿಯನ್ನು ಮೊದಲ ಸಲ ಪೂರ್ತಿ ಓದಿದೆ. ಎರಡನೇ ಸಾಲಿನಲ್ಲೇ ಇತ್ತು, ಮೇಜನ್ನು ಕೆಳಗಿನ ಕೋಣೆಗೆ ಹಾಕಿಕೊಡಬೇಕೆಂದು. ನಾಚಿಕೆಯಾಯಿತು, ಅಳು ಬಂತು. ನಿವೃತ್ತಿಯ ಆದೇಶ ಆಗಲೇ ಜಾರಿಯಾಗಿತ್ತು. ಹಿಂದಕ್ಕೆ ಪಡೆಯುವ ದಾರಿ ಇರಲಿಲ್ಲ.

ಆಮೇಲೆ ನನ್ನ ನಿವೃತ್ತಿಯವರೆಗೂ, ಯಾರು ಬಂದು ನಿಂತರೂ ಮೊದಲು ಕೂರಿಸಿ ಮಾತು ಕೇಳುತ್ತಿದ್ದೆ, ಕಾಗದ ನಂತರ. ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತವನು ನಾನು, ಕೆಲಸ ಕಳೆದುಕೊಂಡವರು ಮೌಲಾಸಾಬ.

ಆ ವರ್ಷದ ಮಳೆಗೆ ಮಹಡಿ ಸೋರಿತು. ಕಾಗದ ನೆನೆಯಬಾರದೆಂದು ಅವರ ಮೇಜನ್ನು ಕೆಳಗಿಳಿಸಿದೆವು. ಇಬ್ಬರು ಜವಾನರಿಗೆ ಹತ್ತು ನಿಮಿಷದ ಕೆಲಸ. ಅದಕ್ಕೆ ಯಾರೂ ಅರ್ಜಿ ಬರೆದಿರಲಿಲ್ಲ.