ಹೊಂಗೆ ಮರದಡಿಯ ಗ್ರಹಣ

ಸೂರ್ಯಗ್ರಹಣದ ದಿನ ಬೆಳಿಗ್ಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಬೆಳಕವಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಚಂದ್ರ ಅಡ್ಡ ಬಂದರೆ ಸೂರ್ಯ ಮರೆಯಾಗುತ್ತಾನೆ, ಅದರಲ್ಲಿ ಹೆದರುವುದೇನಿದೆ ಎಂದು ಒಂದು ವಾರ ಗಂಟಲು ಹರಿದುಕೊಂಡಿದ್ದೆ. ಸ್ಕೂಲಿನ ಅಂಗಳಕ್ಕೆ ಬಂದ ಮಕ್ಕಳು ಎಂಟೋ ಹತ್ತೋ. ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವ ಹುಡುಗಿಯೇ ಬಂದಿರಲಿಲ್ಲ. ಅವಳ ಮನೆಗೇ ಹೋದೆ.

ನಡುಮನೆಯಲ್ಲಿ ಅವಳ ಅಜ್ಜಿ ತಟ್ಟೆಗೆ ಅರಿಶಿನದ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

“ಬುಡ ಸಪಾಟಾಗಿದ್ರೆ ದಿನಾ ನಿಲ್ತದೆ ಕಣವ್ವ” ಎಂದು ನಕ್ಕೆ.

“ಬ್ಯಾಡ ಕಣ್ ಮೇಷ್ಟ್ರೇ, ಉಡ್ಗಿ ಒಳ್ಗೇ ಇರ್ಲಿ ಬುಡಿ.”

“ಏನೂ ಆಗಲ್ಲ. ನಾನಿಲ್ವಾ?”

ಅಜ್ಜಿ ಹುಡುಗಿಯನ್ನು ನನ್ನ ಜೊತೆ ಸ್ಕೂಲಿಗೆ ಕಳಿಸಿದರು. ಮೇಷ್ಟ್ರ ಮಾತಿಗೆ ನಮ್ಮಲ್ಲಿ ಇನ್ನೂ ಅಷ್ಟು ಬೆಲೆಯಿದೆ.

ಗ್ರಹಣದ ಕನ್ನಡಕ ಸಿಕ್ಕಿದ್ದು ಎರಡೇ. ಸಾಲದೆಂದು ಅಪ್ಪನ ಹಳೆಯ ಎಕ್ಸ್‌ರೇ ಫಿಲ್ಮನ್ನೂ ಕತ್ತರಿಸಿ ತಂದಿದ್ದೆ. ನಾನು ಚಿಕ್ಕವನಿದ್ದಾಗ ನನ್ನ ಮೇಷ್ಟ್ರೂ ಹಾಗೇ ತೋರಿಸಿದ್ದರು, ನನ್ನ ಕಣ್ಣಿಗೇನೂ ಆಗಿರಲಿಲ್ಲ. ಒಂದು ತುಂಡು ಆ ಹುಡುಗಿಯ ಕೈಗೆ ಕೊಟ್ಟೆ.

ಉಳಿದ ಮಕ್ಕಳು ಅಂಗಳದ ಹೊಂಗೆ ಮರದಡಿ ಸೇರಿ ನೆಲ ನೋಡುತ್ತಿದ್ದರು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಸಣ್ಣ ಸಂದಿಯಲ್ಲಿ ತೂರಿ ಬಂದ ಬೆಳಕು ಸೂರ್ಯನ ಚಿತ್ರವನ್ನೇ ನೆಲಕ್ಕೆ ಇಳಿಸುತ್ತದೆ. ಕಣ್ಣಿಗೆ ಅಪಾಯವಿಲ್ಲದೆ ಗ್ರಹಣ ನೋಡುವ ದಾರಿ ಅದು. ನಾನೇ ಮಾಡಿದ್ದ ಪಾಠ. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಹೆದರಿ ತಗ್ಗಿದ ತಲೆಗಳು ಮಾತ್ರ.

“ನೆಲದಲ್ಲೇನ್ ನೋಡ್ತಿದ್ದೀರ್ರೋ? ಅವಳ್ನ ನೋಡಿ ಕಲೀರಿ!” ಎಂದು ರೇಗಿದೆ.

ಹೊಗಳಿದ್ದು ಕೇಳಿ ಹುಡುಗಿ ಸೂರ್ಯನಿಂದ ಕಣ್ಣು ತೆಗೆಯಲೇ ಇಲ್ಲ.

ಎಕ್ಸ್‌ರೇ ಫಿಲ್ಮು ಬೆಳಕನ್ನು ಮಬ್ಬು ಮಾಡುತ್ತದೆ, ಕಣ್ಣಿಗೆ ಕಾಣದ ಕಿರಣಗಳನ್ನು ತಡೆಯುವುದಿಲ್ಲ. ಕಣ್ಣಿನ ಒಳಪರದೆ ಸುಟ್ಟರೂ ನೋಯುವುದಿಲ್ಲ. ಮಾರನೆಯ ದಿನ ಅವಳು, ಬೋರ್ಡಿನ ಅಕ್ಷರಗಳ ಮಧ್ಯೆ ಏನೋ ಕಪ್ಪಗೆ ಕಾಣುತ್ತಿದೆ ಸಾರ್ ಅಂದಳು. ಪಾಠ ಅಲ್ಲಿಗೇ ನಿಲ್ಲಿಸಿದೆ. ಅವಳನ್ನೂ ಅಜ್ಜಿಯನ್ನೂ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಬಲಗಣ್ಣಿನ ಕಲೆ ಹೋದರೂ ಹೋಗಬಹುದು, ಇಲ್ಲದಿದ್ದರೂ ಇಲ್ಲ ಎಂದರು ಡಾಕ್ಟರು.

ಹೋಗಲಿಲ್ಲ. ಈಗ ಮಳವಳ್ಳಿಯ ಕಾಲೇಜಿಗೆ ಹೋಗುವ ಅವಳು, ದಾರಿಯಲ್ಲಿ ಸಿಕ್ಕರೆ ಕತ್ತು ಓರೆ ಮಾಡಿ ನನ್ನನ್ನು ನೋಡುತ್ತಾಳೆ, ನಮಸ್ಕಾರ ಸಾರ್ ಅನ್ನುತ್ತಾಳೆ.

ಮಂಡ್ಯದಿಂದ ವಾಪಸು ಬರುವ ಬಸ್ಸಿನಲ್ಲಿ, ಅಜ್ಜಿ ಬಾಯಿಗೆ ಬಂದಂತೆ ಬೈಯಲಿ ಎಂದು ಕಾದು ಕೂತಿದ್ದೆ. ಅವರು ನನ್ನ ಕೈ ತಟ್ಟಿ, “ಬುಡಿ ಮೇಷ್ಟ್ರೇ, ನಿಮ್ಗಾರ ಏನ್ ಗೊತ್ತಿತ್ತು” ಅಂದರು.

ಗೊತ್ತಿತ್ತು. ಎಕ್ಸ್‌ರೇ ಫಿಲ್ಮಿನಲ್ಲಿ ಸೂರ್ಯನನ್ನು ನೋಡಬಾರದು ಎಂದು ಪುಸ್ತಕದಲ್ಲಿದ್ದ ಸಾಲಿನ ಕೆಳಗೆ ಗೆರೆ ಎಳೆದವನೇ ನಾನು. ಅದನ್ನು ಅಜ್ಜಿಗೆ ಇವತ್ತಿನವರೆಗೂ ಹೇಳಿಲ್ಲ.