ವಿಷಯಕ್ಕೆ ಸಂಬಂಧವಿಲ್ಲದ ಮೆಣಸು

ಬೆಳೆಗಾರರ ಕಂಪನಿಯ ಬೋರ್ಡಿನಲ್ಲಿ ಒಬ್ಬ ಹೆಂಗಸಿರಲಿ ಎಂದು ಜಾವಳಿಯ ಜವರಮ್ಮನನ್ನು ಸೇರಿಸಿಕೊಂಡು ಆರು ವರ್ಷವಾಗಿತ್ತು. ತಿಂಗಳಿಗೊಮ್ಮೆ ಮೂಡಿಗೆರೆಯಲ್ಲಿ ಮೀಟಿಂಗು, ತೋರಿಸಿದ ಕಡೆ ಸಹಿ. ಅಷ್ಟೇ ಅವಳ ಕೆಲಸ. ಕಂಪನಿಯ ಕಾಫಿಯೆಲ್ಲ ಹೋಗುತ್ತಿದ್ದುದು ಒಂದೇ ದೇಶದ ಒಬ್ಬನೇ ವ್ಯಾಪಾರಿಗೆ. ಈಗ ಅಲ್ಲಿ ಸುಂಕ ಏರಿ, ಅವನು ಫೋನೇ ಎತ್ತುತ್ತಿರಲಿಲ್ಲ.

"ಕಾದು ನೋಡೋಣ," ಎಂದರು ಅಧ್ಯಕ್ಷ ಧರ್ಮೇಶ್, ಸತತ ನಾಲ್ಕನೇ ತಿಂಗಳು. "ಹೊಸಬರನ್ನ ಹುಡುಕೋದು ರಿಸ್ಕು."

ಜವರಮ್ಮನ ತಾಳ್ಮೆಯ ಕಟ್ಟೆ ಒಡೆಯಿತು. "ಅಲ್ಲ ಧರ್ಮೇಶಣ್ಣ, ನಿಮ್ಮ ತೋಟದಲ್ಲಿ ಮರಮರಕ್ಕೂ ಮೆಣಸಿನ ಬಳ್ಳಿ ಯಾಕೆ ಹಬ್ಬಿಸಿದ್ದೀರಿ?"

"ಕಾಫಿ ಕೈಕೊಟ್ರೆ ಮೆಣಸಾದ್ರೂ ಇರ್ಲಿ ಅಂತ. ಅದನ್ನೂ ಕೇಳ್ಬೇಕಾ?"

"ಸ್ವಂತ ತೋಟಕ್ಕಿರೋ ಬುದ್ಧಿ ಕಂಪನಿಗೆ ಯಾಕಿಲ್ಲ ಮಾರಾಯ್ರೆ? ಇನ್ನೆರಡು ದೇಶಕ್ಕೆ ಸ್ಯಾಂಪಲ್ ಕಳಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಕಾಫಿ ಬಂತು, ಮೀಟಿಂಗು ಮುಗಿಯಿತು. ಕಾರ್ಯದರ್ಶಿ ಪ್ರಸಾದ್ ಎಂದಿನಂತೆ ನಡಾವಳಿ ಪುಸ್ತಕವನ್ನು ಸಹಿಗೆಂದು ಮುಂದಿಟ್ಟ. ಆರು ವರ್ಷದಲ್ಲಿ ಮೊದಲ ಬಾರಿಗೆ ಅವಳು ಅದನ್ನು ಓದಿದಳು: 'ಜವರಮ್ಮನವರು ಮೆಣಸಿನ ಬಗ್ಗೆ ಮಾತನಾಡಿದರು. ವಿಷಯಕ್ಕೆ ಸಂಬಂಧವಿಲ್ಲದ ಕಾರಣ ಕೈಬಿಡಲಾಯಿತು.'

ಜವರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು.

"ಸಹಿ, ಅಮ್ಮಾ?" ಎಂದ ಪ್ರಸಾದ್.

"ಕಾದು ನೋಡೋಣ," ಎಂದಳು.