ಸೊನ್ನೆಯನ್ನು ನಂಬದ ಸುಜಾತಾ

ಬೆಳಗಿನ ಆರು ಗಂಟೆ. ಬೈರಿದೇವರಕೊಪ್ಪದ ಬಡಾವಣೆಯೊಂದರ ಕೊಳಚೆನೀರಿನ ಪಂಪ್‌ಹೌಸ್. ಕೆಟ್ಟುನಿಂತ ಪಂಪು ಇಪ್ಪತ್ತಡಿ ಆಳದ ಬಾವಿಯಲ್ಲಿದೆ. ಮುಚ್ಚಳ ತೆರೆದಾಗ ಮೂಗಿಗೆ ಬಡಿದ ಕೊಳೆತ ಮೊಟ್ಟೆಯ ವಾಸನೆ ನಿಮಿಷದೊಳಗೆ ಮಾಯವಾಗಿದೆ. ಕೆಳಗೆ ಕಪ್ಪು ನೀರು ಅಲುಗುವುದಿಲ್ಲ. ಅನಿಲ ತಪಾಸಣೆಯ ಸುಜಾತಾ ಎಲ್ಲರನ್ನೂ ಹಿಂದಕ್ಕೆ ಸರಿಸುತ್ತಾರೆ.

“ವಾಸನಿ ಹೋತು ಅಂದ್ರ ಗಾಳಿ ಛಲೋ ಆತು ಅಂತಲ್ಲರಿ. ವಿಷ ಹೆಚ್ಚಾದ್ರ ಮೊದಲ ಸಾಯೋದು ಮೂಗು.”

ಆ ವಿಷ ಹೈಡ್ರೋಜನ್ ಸಲ್ಫೈಡ್. ಅದನ್ನು ಪತ್ತೆಹಚ್ಚುವುದು ಅವರ ಅಂಗೈಯಗಲದ ಮಾಪಕ. ಅದರ ಸಂವೇದಕದೊಳಗೆ ತೆಳುಪೊರೆ, ಲೋಹದ ವಿದ್ಯುದ್ವಾರಗಳು, ಒಂದಿಷ್ಟು ಆಮ್ಲದ್ರವ. ಪೊರೆ ದಾಟಿದ ಅನಿಲ ವಿದ್ಯುದ್ವಾರದ ಮೇಲೆ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಡುತ್ತದೆ. ಅನಿಲ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚುತ್ತದೆ, ಅದೇ ಅಂಕಿಯಾಗುತ್ತದೆ. ಆದರೆ ದ್ರವ ಒಣಗಿದ ಸಂವೇದಕವೂ ಸೊನ್ನೆಯನ್ನೇ ತೋರಿಸುತ್ತದೆ. ಶುದ್ಧ ಗಾಳಿಗೂ ಸತ್ತ ಯಂತ್ರಕ್ಕೂ ಒಂದೇ ಮುಖ.

ಮೂರು ವರ್ಷಗಳ ಹಿಂದೆ ಸುಜಾತಾ ಅಂಥ ಸೊನ್ನೆಯೊಂದನ್ನು ನಂಬಿದ್ದರು. ಮೆಕ್ಯಾನಿಕ್ ಶಶಿಕುಮಾರ ಇಳಿದರು. ನಾಲ್ಕನೆಯ ಮೆಟ್ಟಿಲಲ್ಲಿ ಅವರ ಮಾತು ನಿಂತಿತು; ಜೀವಂತವಾಗಿ ಮೇಲೆ ಬರಲಿಲ್ಲ. “‘ಇಳೀರಿ ಅಣ್ಣಾ’ ಅಂದಾಕಿ ನಾನರಿ. ಅವರು ಬಿದ್ದ ಮ್ಯಾಲೂ ಮಾಪಕ ಸೊನ್ನೀನ ತೋರಸಾಕತ್ತಿತ್ತು.” ಅವಧಿ ಮೀರಿದ ಸಂವೇದಕ ಕೊಟ್ಟ ಗುತ್ತಿಗೆದಾರ ಇಂದಿಗೂ ಗುತ್ತಿಗೆದಾರನೇ. ಮನುಷ್ಯನ ಉಸಿರಿಗಿಂತ ಬಿಡಿಭಾಗವೇ ದುಬಾರಿಯೆಂದು ಬಗೆಯುವ ನಾಗರಿಕತೆ ತಲೆತಗ್ಗಿಸಬೇಕು.

ಅಂದಿನಿಂದ, ಮಾಪಕವನ್ನು ಬಾವಿಗೆ ಇಳಿಸುವ ಮುನ್ನ ಅವರು ಪುಟ್ಟ ಸಿಲಿಂಡರಿನ ಪರೀಕ್ಷಾ ಅನಿಲವನ್ನು ಅದಕ್ಕೆ ಹಾಯಿಸುತ್ತಾರೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಪ್ಪತ್ತೈದು ಭಾಗ ವಿಷ ಎಂದು ತೋರಿಸಬೇಕು. ಇಂದು ತೋರಿಸುತ್ತಿರುವುದು ಸೊನ್ನೆ.

“ಸೊನ್ನಿ ಐತಲ್ಲ, ಇಳಸ್ರಿ,” ಎನ್ನುತ್ತಾರೆ ಮೇಲ್ವಿಚಾರಕ ರಮಾಕಾಂತ. “ಮಂದಿ ಫೋನ್ ಹಚ್ಚಿ ಹಚ್ಚಿ ಜೀವಾ ತಿನ್ನಾಕತ್ತಾರ.”

ಸುಜಾತಾ ಮುಚ್ಚಳ ಎಳೆದು ಅದರ ಮೇಲೆಯೇ ಕೂರುತ್ತಾರೆ. “ವಿಷಾ ಬಿಟ್ರೂ ಸೊನ್ನಿ ಅಂತೈತಿ ಇದು. ನೀವ ಇಳೀರಿ ಸಾಹೇಬ್ರ, ನಾ ಹಗ್ಗಾ ಹಿಡೀತೇನಿ.”

ಸೊಂಟಕ್ಕೆ ಹಗ್ಗ ಬಿಗಿದು ನಿಂತ ಮೆಕ್ಯಾನಿಕ್ ಮೈಲಾರಪ್ಪ ನಗುತ್ತಾರೆ: “ಅಕ್ಕಾ, ನಮ್ಮ ಮನ್ಯಾಕಿನೂ ನನ್ನ ಇಷ್ಟು ಕಾಯಂಗಿಲ್ಲ!”

ಒಂಬತ್ತಕ್ಕೆ ಹೊಸ ಸಂವೇದಕ ಬರುತ್ತದೆ. ಪರೀಕ್ಷೆಯಲ್ಲಿ ಸರಿಯಾಗಿ ಇಪ್ಪತ್ತೈದು. ಹಗ್ಗದಲ್ಲಿ ಇಳಿಬಿಟ್ಟ ಮಾಪಕ ಎಂಟನೆಯ ಅಡಿಯಲ್ಲೇ ಚೀರುತ್ತದೆ. ಕತ್ತಲೆಯೊಳಗಿಂದ ಯಾರೋ ಕರೆದಂತೆ ಆ ದನಿ ಮೇಲೇರುತ್ತದೆ. ಅಂಕಿ ಹತ್ತು ದಾಟಿದರೆ ಯಾರೂ ಇಳಿಯಬಾರದು. ಅಲ್ಲಿರುವುದು ನೂರ ಎಂಬತ್ತು. ಮೈಲಾರಪ್ಪ ಸೊಂಟದ ಹಗ್ಗ ಬಿಚ್ಚುತ್ತಾರೆ. ಪಂಪನ್ನು ಕ್ರೇನಿನಿಂದ ಎತ್ತಬೇಕೆಂಬ, ಮೊದಲೇ ಆಗಬೇಕಿದ್ದ ತೀರ್ಮಾನ ಈಗ ಆಗುತ್ತದೆ.

ತಮಗಾಗಿ ಏನಾದರೂ ಬಯಕೆ ಇದೆಯೇ ಎಂದು ಕೇಳಿದರೆ ಸುಜಾತಾ ಬಹಳ ಹೊತ್ತು ಕೈ ತೊಳೆಯುತ್ತಾರೆ.

“ಶಶಿಕುಮಾರಣ್ಣನ ಹೆಂಡ್ತಿ ಸಪ್ತಾಪುರದಾಗ ಇರ್ತಾರ್ರಿ. ಮೂರು ವರ್ಷ ಆತು, ಅವರ ಓಣಿ ತುಳಿದಿಲ್ಲ. ಇವತ್ತ ಹೋಗಿ ಬಾಗಲಾ ಬಡೀಬೇಕು ಅನಸಾಕತ್ತೈತಿ.”